ಸಿಮೆಯೋನನ ತೋಳುಗಳು

ಹೇಗ್ ನಗರದ ಸೆಂಟ್ರಲ್ ರೈಲು ನಿಲ್ದಾಣದ ಮಗ್ಗುಲಲ್ಲೇ ನೆದರ್‌ಲ್ಯಾಂಡ್ಸ್‌ನ ರಾಷ್ಟ್ರೀಯ ಗ್ರಂಥಾಲಯವಿದೆ. ಸಂಸ್ಥೆ ಹುಟ್ಟಿದ್ದು 1798ರಲ್ಲಿ. ಈಗಿನ ಬಿಳಿ ಕಟ್ಟಡಕ್ಕೆ ಬಂದದ್ದು 1982ರಲ್ಲಿ. ಆ ದೇಶದಲ್ಲಿ ಅಚ್ಚಾಗುವ ಪುಸ್ತಕಗಳನ್ನೆಲ್ಲ ಕೂಡಿಡುವ ಜಾಗ ಅದು. ಅಲ್ಲಿರುವ ಅಷ್ಟೂ ಕಾಗದದಲ್ಲಿ ನನ್ನನ್ನು ಎಳೆದುಕೊಂಡು ಹೋದದ್ದು ಒಂದೇ ಒಂದು ಪುಟ. ಸುಮಾರು 12 ಸೆಂಟಿಮೀಟರ್ ಎತ್ತರ, 9 ಸೆಂಟಿಮೀಟರ್ ಅಗಲ. ಅಂಗೈ ಇಟ್ಟರೆ ಮುಚ್ಚಿಹೋಗುವಷ್ಟು. ಅದರ ಮೇಲೆ ಕಂದು ಶಾಯಿಯಲ್ಲಿ ಒಬ್ಬ ಮುದುಕ, ಅವನ ತೋಳಿನಲ್ಲಿ ಒಂದು ಕೂಸು, ಪಕ್ಕದಲ್ಲಿ ಕೂಸಿನ ತಾಯಿತಂದೆ. ಜೊತೆಗೆ ಡಚ್ ಚಿತ್ರಕಾರ ರೆಂಬ್ರಾಂಟನ ರುಜು ಮತ್ತು 1661 ಎಂಬ ವರ್ಷ.

ಆ ಪುಟ ಇರುವುದು ಯಾಕೋಬ್ ಹೇಬ್ಲಾಕ್ ಎಂಬಾತನ ಗೆಳೆಯರ ಪುಸ್ತಕದಲ್ಲಿ. ಹೇಬ್ಲಾಕ್ ಹುಟ್ಟಿದ್ದು 1623ರಲ್ಲಿ, ತೀರಿಕೊಂಡದ್ದು 1690ರಲ್ಲಿ. ಆಮ್ಸ್‌ಟರ್ಡಾಮಿನ ಲ್ಯಾಟಿನ್ ಶಾಲೆಯಲ್ಲಿ ಪಾಠ ಹೇಳಿ, ಅದರ ಮುಖ್ಯಸ್ಥನೂ ಆದವನು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಯುವ ಹೊತ್ತಿಗೆ ಬಣ್ಣದ ಹಾಳೆಗಳ ಆಟೋಗ್ರಾಫ್ ಪುಸ್ತಕ ಹಿಡಿದು ಗೆಳೆಯರಿಂದ, ಮೇಷ್ಟರಿಂದ ನಾಲ್ಕು ಸಾಲು ಬರೆಸಿಕೊಳ್ಳುತ್ತಿದ್ದೆವಲ್ಲ, ಅಂಥದೇ ಒಂದು ರೂಢಿ. 16ನೇ ಶತಮಾನದಲ್ಲಿ ಜರ್ಮನಿಯ ವಿಶ್ವವಿದ್ಯಾಲಯಗಳ ಹುಡುಗರಲ್ಲಿ ಶುರುವಾಗಿ ಡಚ್ಚರ ನಾಡಿಗೂ ಹಬ್ಬಿತು. ಹೇಬ್ಲಾಕ್ ಅದನ್ನು ಹುಡುಗಾಟಕ್ಕೆ ಬಿಡದೆ ವರ್ಷಾನುಗಟ್ಟಲೆ ಜತನ ಮಾಡಿದ. ತನ್ನ ಊರಿನ ಕವಿಗಳು, ಪಂಡಿತರು, ಚಿತ್ರಕಾರರು ಒಬ್ಬೊಬ್ಬರ ಮುಂದೆಯೂ ಆ ಪುಟ್ಟ ಪುಸ್ತಕವನ್ನು ಚಾಚಿದ. ರೆಂಬ್ರಾಂಟನ ಬಳಿ ಕಲಿತ ಖೆರ್ಬ್ರಾಂಡ್ ಫಾನ್ ಡೆನ್ ಏಕ್‌ಹೌಟ್ ಅದರಲ್ಲಿ ಯಾನ್ ಫಾನ್ ಡ ಕಾಪೆಲ್ಲೆ ಎಂಬ ಕಡಲ ಚಿತ್ರಕಾರನ ಬಗ್ಗೆ ಪದ್ಯ ಬರೆದಿದ್ದಾನೆ. ಈ ಕಾಪೆಲ್ಲೆಯ ಮನೆತನದ ಕಸುಬು ಬಟ್ಟೆಗೆ ಬಣ್ಣ ಹಾಕುವುದು. ಚಿತ್ರಕಲೆಯನ್ನು ಅವನು ತಾನಾಗಿಯೇ ಕಲಿತ. ಅವನು ಸತ್ತಾಗ ಮನೆಯಲ್ಲಿ ರೆಂಬ್ರಾಂಟನ ರೇಖಾಚಿತ್ರಗಳೇ ಸುಮಾರು 500 ಇದ್ದವು. ಒಬ್ಬ ಚಿತ್ರಕಾರ ಇನ್ನೊಬ್ಬನಿಗೆ ತೋರಿಸಬಹುದಾದ ಗೌರವ ಇದಕ್ಕಿಂತ ದೊಡ್ಡದು ನನಗೆ ಕಂಡಿಲ್ಲ.

ಆಮ್ಸ್‌ಟರ್ಡಾಮಿಗೆ ಅಂಟಿಕೊಂಡಿರುವ ಆಮ್ಸ್‌ಟಲ್‌ವೇನ್‌ನಲ್ಲಿ ನನ್ನ ಚಿಕ್ಕಮ್ಮನ ಮಗಳು ಸಂಸಾರ ಮಾಡಿಕೊಂಡಿದ್ದಾಳೆ. ಭಾರತದಿಂದ ಹೋದವರು ತುಂಬ ಇರುವ ಊರು. ತರಕಾರಿ ಅಂಗಡಿಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಮಗಳ ಬಾಣಂತನಕ್ಕೆಂದು ಚಿಕ್ಕಮ್ಮ ಮೈಸೂರಿನಿಂದ ಬಂದಿದ್ದರು. ಬಂದಾಗಿನಿಂದ ಮನೆ ಬಿಟ್ಟು ಕದಲಿರಲಿಲ್ಲ. ಅಳಿಯ ರಜೆ ಹಾಕಿ ಕೂಸಿನ ಜೊತೆ ಕೂತ ದಿನ, ‘ನೀನು ಎಲ್ಲಿಗೋ ಹೊರಟಿದ್ದೀಯಲ್ಲ, ನಾನೂ ಬರ್ತೀನಿ ನಡಿ’ ಎಂದು ಶಾಲು ಹೊದ್ದು ನಿಂತರು.

ಹೇಗ್‌ಗೆ ಹೋಗುವ ರೈಲು ಲೈಡನ್ ಮೇಲೆ ಹಾಯುತ್ತದೆ. ರೆಂಬ್ರಾಂಟ್ ಹುಟ್ಟಿದ ಊರು ಅದು, 1606ರ ಜುಲೈ 15ರಂದು. ತಂದೆ ಗಾಳಿಗಿರಣಿಯ ಒಡೆಯ. ಹುಡುಗನನ್ನು ಊರಿನ ಲ್ಯಾಟಿನ್ ಶಾಲೆಗೆ ಹಾಕಿದ್ದ. 1620ರಲ್ಲಿ ವಿಶ್ವವಿದ್ಯಾಲಯದ ಪಟ್ಟಿಯಲ್ಲೂ ಹೆಸರು ಬರೆಸಿದ್ದ. ಹುಡುಗ ಅದನ್ನು ಬಿಟ್ಟು ಬಣ್ಣದ ಕಡೆಗೆ ಹೋದ. ಆ ಶಾಲೆಯ ಕಟ್ಟಡ ಈಗಲೂ ಇದೆ. ಗಿರಣಿ, ಹುಟ್ಟಿದ ಮನೆ ಇಲ್ಲ. ಕಿಟಕಿಯಾಚೆ ನೀರುಗಾಲುವೆ, ಹಸಿರು ಗದ್ದೆಬಯಲು, ಬಯಲಿನ ಮೇಲೆ ಇಡೀ ಆಕಾಶ. ಗುಡ್ಡವೆಂಬುದೇ ಇಲ್ಲದ ನಾಡಿನಲ್ಲಿ ಬೆಳಕಿಗೆ ಅಡ್ಡ ಬರುವುದು ಮೋಡ ಒಂದೇ.

ಚಿಕ್ಕಮ್ಮನಿಗೆ ಚಿತ್ರದ ಕಥೆ ಹೇಳಿದೆ. ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಬರುವ ಪ್ರಸಂಗ. ಕನ್ನಡ ಬೈಬಲಿನಲ್ಲಿ ಮುದುಕನ ಹೆಸರು ಸಿಮೆಯೋನ. ಜೆರೂಸಲೇಮಿನಲ್ಲಿದ್ದ ದೈವಭಕ್ತ. ಜನ ಕಾಯುತ್ತಿರುವ ರಕ್ಷಕನನ್ನು ಕಣ್ಣಾರೆ ಕಾಣುವವರೆಗೆ ನಿನಗೆ ಸಾವಿಲ್ಲ ಎಂದು ಅವನಿಗೆ ದೇವರ ಮಾತು ಸಿಕ್ಕಿರುತ್ತದೆ. ವರವೋ ಭಾರವೋ ತಿಳಿಯದಂಥ ಮಾತು ಅದು. ಅವನು ಕಾಯುತ್ತಾನೆ. ಮರಿಯಾ ಯೇಸುವನ್ನು ಹೆತ್ತು ನಲವತ್ತು ದಿನ ತುಂಬಿದಾಗ ಗಂಡಹೆಂಡಿರು ಕೂಸನ್ನು ಎತ್ತಿಕೊಂಡು ದೇವಾಲಯಕ್ಕೆ ಬರುತ್ತಾರೆ. ಕುರಿಮರಿ ಒಪ್ಪಿಸಲು ಶಕ್ತಿಯಿಲ್ಲದ ಬಡವರು ಜೋಡಿ ಪಾರಿವಾಳ ಕೊಡಬಹುದು ಎಂಬ ಕಟ್ಟಳೆ ಇತ್ತು. ಇವರದು ಆ ಕಾಣಿಕೆ. ಸಿಮೆಯೋನ ಕೂಸನ್ನು ಕೈಗೆ ತೆಗೆದುಕೊಳ್ಳುತ್ತಾನೆ. ನನ್ನ ಕಣ್ಣು ನೋಡಬೇಕಾದದ್ದನ್ನು ನೋಡಿತು, ಇನ್ನು ನನ್ನನ್ನು ಸಮಾಧಾನದಿಂದ ಕಳಿಸಿಕೊಡು ಎಂಬ ಅರ್ಥದಲ್ಲಿ ದೇವರನ್ನು ಬೇಡುತ್ತಾನೆ. ಆಮೇಲೆ ತಾಯಿಯ ಕಡೆ ತಿರುಗಿ, ನಿನ್ನ ಜೀವಕ್ಕೂ ಒಂದು ಕತ್ತಿ ನಾಟಲಿದೆ ಎಂಬ ಕಠಿಣ ಸುದ್ದಿಯನ್ನೂ ಹೇಳುತ್ತಾನೆ. ಅವನ ಬೇಡಿಕೆಯ ಮಾತನ್ನು ಕ್ರೈಸ್ತ ಮಠಗಳಲ್ಲಿ ರಾತ್ರಿ ಮಲಗುವ ಮುಂಚಿನ ಪ್ರಾರ್ಥನೆಯಲ್ಲಿ ಇಂದಿಗೂ ಹಾಡುತ್ತಾರೆ. 1727ರ ಫೆಬ್ರವರಿಯಲ್ಲಿ ಈ ಪ್ರಸಂಗದ ಹಬ್ಬಕ್ಕೆಂದೇ ಬಾಖ್ ಒಂದು ಸಂಗೀತ ಕೃತಿ ರಚಿಸಿದ.

‘ನಲವತ್ತು ದಿನ ಅಂದ್ರೆ ಪುರುಡು ಕಳೆದ ಮೇಲೆ. ಆಗ ಕೂಸಿಗೆ ಇನ್ನೂ ಕತ್ತು ನಿಂತಿರಲ್ಲ. ಗುರುತಿಲ್ಲದ ಮುದುಕನ ಕೈಗೆ ಆ ತಾಯಿ ಹೇಗೆ ಕೊಟ್ಟಳೋ?’ ಎಂದರು ಚಿಕ್ಕಮ್ಮ.

ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಓದಿದ ಪುಸ್ತಕಗಳೆಲ್ಲ ಸಿಮೆಯೋನನ ಕಡೆಯಿಂದ ಕಥೆ ನೋಡಿದ್ದವು. ಮೊಮ್ಮಗುವಿಗೆ ದಿನಾ ಬೆಳಿಗ್ಗೆ ಕಾಲಮೇಲೆ ಹಾಕಿಕೊಂಡು ನೀರು ಹಾಕುವ ಹೆಂಗಸು ಅದನ್ನು ಕೂಸಿನ ಕತ್ತಿನ ಕಡೆಯಿಂದ ನೋಡಿದರು. ಆ ದಿನವಿಡೀ ನಾನು ಚಿತ್ರಗಳಲ್ಲಿ ಮುಖ ಬಿಟ್ಟು ತೋಳುಗಳನ್ನೇ ನೋಡುವಂತಾಯಿತು.

ಗ್ರಂಥಾಲಯಕ್ಕೆ ಮುಂಚೆ ಮೌರಿಟ್ಸ್‌ಹೌಸ್‌ಗೆ ಹೋದೆವು. ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ಅರಮನೆಯ ಕೊಳದ ಅಂಚಿಗೆ, ನೀರಿನಿಂದಲೇ ಎದ್ದು ನಿಂತಂತಿರುವ ಮನೆ. 17ನೇ ಶತಮಾನದಲ್ಲಿ ಯೊಹಾನ್ ಮೌರಿಟ್ಸ್ ಎಂಬ ಸಿರಿವಂತ ಅಧಿಕಾರಿ ಕಟ್ಟಿಸಿದ್ದು, 1822ರಿಂದ ಚಿತ್ರಶಾಲೆ. ಬಹುತೇಕ ಪ್ರವಾಸಿಗಳು ಅಲ್ಲಿಗೆ ಹೋಗುವುದು ವರ್ಮೀರನ ಮುತ್ತಿನ ಓಲೆಯ ಹುಡುಗಿಯನ್ನು ಕಾಣಲು. ಅವಳ ಮುಂದೆ ಜನ ಕಟ್ಟಿಕೊಂಡಿರುತ್ತಾರೆ. ರೆಂಬ್ರಾಂಟನ 1631ರ ಸಿಮೆಯೋನನ ಮುಂದೆ ನಮಗೆ ಬೇಕಾದಷ್ಟು ಹೊತ್ತು ನಿಲ್ಲಲು ಜಾಗ ಸಿಕ್ಕಿತು.

ಅದು ಹಲಗೆಯ ಮೇಲೆ ಬರೆದ ತೈಲಚಿತ್ರ. ಸುಮಾರು 61 ಸೆಂಟಿಮೀಟರ್ ಎತ್ತರ, 48 ಅಗಲ. ಇಷ್ಟು ಚಿಕ್ಕ ಹಲಗೆಯೊಳಗೆ ಎಷ್ಟು ದೊಡ್ಡ ದೇವಾಲಯ! ಕಂಬಗಳು ಮೇಲೇರುತ್ತ ಏರುತ್ತ ಕತ್ತಲಲ್ಲಿ ಕರಗುತ್ತವೆ. ಬಲಗಡೆ ಮೆಟ್ಟಿಲ ತುಂಬ ಜನ. ಒಬ್ಬೊಬ್ಬರೂ ಕಾಳಿನಷ್ಟು ಚಿಕ್ಕವರು, ಆದರೂ ಒಬ್ಬೊಬ್ಬರಿಗೂ ಬೇರೆ ಬೇರೆ ನಿಲುವು. ಕೆಳಗೆ ಬೆಂಚಿನ ಮೇಲೆ ಇಬ್ಬರು ಮುದುಕರು. ನಡುವೆ ಒಂದೇ ಒಂದು ಬೆಳಕಿನ ಹಂತ. ಅದರಲ್ಲಿ ನೀಲಿ ಉಡುಪಿನ ಮರಿಯಾ, ಪಾರಿವಾಳ ಹಿಡಿದು ಮಂಡಿಯೂರಿದ ಅವಳ ಗಂಡ ಯೋಸೇಫ, ಬೆನ್ನು ನಮ್ಮತ್ತ ಮಾಡಿ ಕೈಯೆತ್ತಿ ನಿಂತ ಎತ್ತರದ ಒಂದು ಆಕೃತಿ. ಸಿಮೆಯೋನನೂ ಮಂಡಿಯೂರಿದ್ದಾನೆ. ಅವನ ನಿಲುವಂಗಿಯ ಜರಿ ಹೊಳೆಯುತ್ತದೆ. ರೆಂಬ್ರಾಂಟನಿಗೆ ಆಗ 25ರ ಆಸುಪಾಸು. ತನಗೆ ಬರುವ ವಿದ್ಯೆಯನ್ನೆಲ್ಲ ಒಂದೇ ಹಲಗೆಯ ಮೇಲೆ ಸುರಿದಿದ್ದಾನೆ. ಬೆಳಕು, ಕತ್ತಲು, ಬಟ್ಟೆ, ಕಲ್ಲು, ಜನಜಂಗುಳಿ, ಯಾವುದನ್ನೂ ಬಿಟ್ಟಿಲ್ಲ. ಅಷ್ಟು ಎಳೆಯ ವಯಸ್ಸಿನಲ್ಲಿ ಇಷ್ಟು ಕೈಚಳಕ ಇದ್ದವನು ಲೋಕದಲ್ಲಿ ಅಪರೂಪ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ‘ಚೆನ್ನಾಗಿದೆ ಕಣೋ. ಆದ್ರೆ ಈ ಅಜ್ಜ ಕೂಸನ್ನ ನೋಡ್ತಾನೇ ಇಲ್ವಲ್ಲ. ಮೇಲಕ್ಕೆ ನೋಡ್ತಿದ್ದಾನೆ.’

ನಿಜ. 1631ರ ಸಿಮೆಯೋನನಿಗೆ ಆಕಾಶದ ಜೊತೆ ಮಾತು. ತೋಳಿನಲ್ಲಿರುವ ಕೂಸು ಬೆಳಕು ಸೂಸುವ ಒಂದು ವಸ್ತುವಾಗಿದೆ; ಅದಕ್ಕೆ ತೂಕವಿಲ್ಲ. ಮುದುಕ ಹೇಗಿರುತ್ತಾನೆ ಎಂದು 25ರ ಹುಡುಗ ಕಣ್ಣಿನಿಂದ ಕಂಡಿದ್ದ. ಸುಕ್ಕು, ಗಡ್ಡ, ಬಾಗಿದ ಬೆನ್ನು ಎಲ್ಲ ಸರಿಯಾಗಿ ಬಂದಿವೆ. ಕಾಯುವುದು ಎಂದರೇನು ಎನ್ನುವುದು ಕಣ್ಣಿಗೆ ಕಾಣುವ ಸಂಗತಿಯಲ್ಲ.

ಆ ಚಿತ್ರಕ್ಕೂ ಗ್ರಂಥಾಲಯದ ಪುಟಕ್ಕೂ ನಡುವೆ ಮೂವತ್ತು ವರ್ಷ. ಆ ವರ್ಷಗಳಲ್ಲಿ ಆದದ್ದನ್ನು ಹೇಳದೆ ಪುಟದ ಮುಂದೆ ನಿಲ್ಲಿಸಿದರೆ ಓದುಗರಿಗೆ ಅನ್ಯಾಯವಾಗುತ್ತದೆ. 1634ರಲ್ಲಿ ರೆಂಬ್ರಾಂಟನಿಗೆ ಸಾಸ್ಕಿಯಾ ಜೊತೆ ಮದುವೆ. ಹುಟ್ಟಿದ ಮೊದಲ ಮೂರು ಮಕ್ಕಳೂ ಹಾಲುಗಲ್ಲದಲ್ಲೇ ಹೋದವು. ನಾಲ್ಕನೆಯವನು ಟೀಟಸ್ 1641ರಲ್ಲಿ ಹುಟ್ಟಿ ಉಳಿದ. ಮರುವರ್ಷ ಸಾಸ್ಕಿಯಾಳೇ ಇಲ್ಲವಾದಳು. 1639ರಲ್ಲಿ 13,000 ಗಿಲ್ಡರಿಗೆ ಕೊಂಡ ದೊಡ್ಡ ಮನೆಯ ಸಾಲ ತೀರಲೇ ಇಲ್ಲ. 1656ರಲ್ಲಿ ದಿವಾಳಿ. ನ್ಯಾಯಾಲಯದವರು ಮನೆಯೊಳಗೆ ಬಂದು ಒಂದೊಂದು ವಸ್ತುವನ್ನೂ ಪಟ್ಟಿ ಮಾಡಿದರು. 363 ನಮೂದುಗಳ ಆ ಪಟ್ಟಿ ಇವತ್ತಿಗೂ ಇದೆ. ಅವನ ಚಿತ್ರಗಳು, ಬೇರೆಯವರ ಚಿತ್ರಗಳು, ಶಿಲ್ಪ, ಕಡಲ ಚಿಪ್ಪು, ಆಯುಧ, ಅಡುಗೆಮನೆಯ ಪಾತ್ರೆ, ಎಲ್ಲವೂ ಅದರಲ್ಲಿವೆ. 1658ರಲ್ಲಿ ಮನೆ ಹರಾಜಾಯಿತು. ರೋಜನ್‌ಗ್ರಾಖ್ಟ್ ಎಂಬ ಕೇರಿಯ ಬಾಡಿಗೆ ಮನೆಗೆ ಹೋದ. 1660ರ ಡಿಸೆಂಬರಿನಲ್ಲಿ ಸಂಗಾತಿ ಹೆಂಡ್ರಿಕ್ಯೆ ಮತ್ತು ಮಗ ಟೀಟಸ್ ಸೇರಿ ಚಿತ್ರ ವ್ಯಾಪಾರದ ಒಂದು ಪಾಲುದಾರಿಕೆ ಮಾಡಿಕೊಂಡರು. ಸಾಲ ಕೊಟ್ಟವರು ಅವನ ಹೊಸ ಕೆಲಸವನ್ನೂ ಎತ್ತಿಕೊಂಡು ಹೋಗದಿರಲಿ ಎಂದು ಅವನೇ ಅದರಲ್ಲಿ ಅನ್ನ ವಸತಿ ಪಡೆದು ದುಡಿಯುವ ಆಳಾದ. ಹೇಬ್ಲಾಕ್ ಪುಸ್ತಕ ಚಾಚಿದ್ದು ಇಂಥ ಮನುಷ್ಯನ ಮುಂದೆ. ಲೋಕದ ಕಣ್ಣಿನಲ್ಲಿ ಸೋತಿದ್ದ ಒಬ್ಬ ಸಾಲಗಾರನನ್ನು ತನ್ನ ಗೆಳೆಯರ ಸಾಲಿನಲ್ಲಿ ಸೇರಿಸಿಕೊಂಡ ಆ ಶಾಲಾಮೇಷ್ಟ್ರನ್ನು ನಾನು ಪ್ರೀತಿಯಿಂದ ನೆನೆಯುತ್ತೇನೆ.

ನಮ್ಮ ಕಡೆಯ ಒಂದು ಸುದ್ದಿಯೂ ಈ ಹೊತ್ತಿಗೇ ಸೇರುತ್ತದೆ. ಸರಿಸುಮಾರು 1656ರಿಂದ 1661ರ ನಡುವೆ ರೆಂಬ್ರಾಂಟ್ ಭಾರತದ ಕಿರುಚಿತ್ರಗಳನ್ನು ಕಂದು ಶಾಯಿಯಲ್ಲಿ ನಕಲು ಮಾಡುತ್ತಿದ್ದ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಆಮ್ಸ್‌ಟರ್ಡಾಮಿಗೆ ಬಂದ ಮೊಗಲ್ ಚಿತ್ರಗಳು ಅವು. ಆ ನಕಲುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಉಳಿದಿವೆ. ತನ್ನ ಎಂದಿನ ಕಾಗದ ಬಿಟ್ಟು ಪೂರ್ವ ದೇಶದ ನುಣುಪಾದ ಕಾಗದದ ಮೇಲೆ, ಎಂದಿನ ಒರಟು ಗೆರೆಯನ್ನು ತಡೆದು, ಜಹಾಂಗೀರನನ್ನೂ ಷಹಜಹಾನನನ್ನೂ ಬರೆದ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಇಂಥ ಒಂದು ಹಾಳೆಯಲ್ಲಿ ದಖ್ಖನಿನ ಸರದಾರನೊಬ್ಬ ನಿಂತಿದ್ದಾನೆ. ಅದೇ ಮ್ಯೂಸಿಯಂನ ಇನ್ನೊಂದು ಹಾಳೆಯಲ್ಲಿ ಮರದ ಕೆಳಗೆ ಕೂತ ನಾಲ್ವರು ಹಿರಿಯರು. ಅವರ ಕೂಟವನ್ನು ಅವನು 1656ರ ತನ್ನ ಒಂದು ತಾಮ್ರಪಟದ ಚಿತ್ರಕ್ಕೆ ತೆಗೆದುಕೊಂಡ. ಅಬ್ರಹಾಮನ ಮನೆಗೆ ದೇವದೂತರು ಅತಿಥಿಗಳಾಗಿ ಬಂದ ಪ್ರಸಂಗ ಅದು. ಅಲ್ಲಿ ದೂತರು ಕುರ್ಚಿ ಮೇಜು ಬಿಟ್ಟು ನೆಲದ ಮೇಲೆ ಹಾಸಿನಲ್ಲಿ ಕೂತಿದ್ದಾರೆ. ಯೂರೋಪಿನ ಚಿತ್ರಕಾರ ಬೈಬಲ್ಲಿನ ಮೂಡಣ ನಾಡನ್ನು ಹುಡುಕುವಾಗ ನಮ್ಮ ಜನ ಕೂರುವ ರೀತಿಯನ್ನು ಆಧಾರವಾಗಿ ಹಿಡಿದ ಎಂಬುದು ನಮ್ಮ ಕಲೆಯ ಚರಿತ್ರೆ ಹೇಳುವವರು ಹೆಚ್ಚು ಒತ್ತಿ ಹೇಳಬೇಕಾದ ಮಾತು.

ಗ್ರಂಥಾಲಯದಲ್ಲಿ ಮೂಲ ಪುಟವನ್ನು ಕೇಳಿದವರಿಗೆಲ್ಲ ತೆರೆದು ತೋರಿಸುವಂತಿಲ್ಲ. ಬೆಳಕು ತಾಗಿದಷ್ಟೂ ಹಳೆಯ ಕಾಗದ, ಶಾಯಿ ಎರಡೂ ಸೊರಗುತ್ತವೆ. ಇಡೀ ಪುಸ್ತಕದ ಅಚ್ಚುಕಟ್ಟಾದ ಪ್ರತಿಕೃತಿಯೊಂದನ್ನು ತಜ್ಞರು ಹೊರತಂದಿದ್ದಾರೆ. ಓದುಕೋಣೆಯ ಮೇಜಿನ ಮೇಲೆ ನಾವಿಬ್ಬರೂ ನೋಡಿದ್ದು ಅದನ್ನು. ಸುತ್ತ ಹುಡುಗ ಹುಡುಗಿಯರು ಲ್ಯಾಪ್‌ಟಾಪಿನಲ್ಲಿ ಮುಳುಗಿದ್ದರು. ಲ್ಯಾಟಿನ್ ಪದ್ಯ, ಡಚ್ ಪದ್ಯ, ಸುರುಳಿ ಸುರುಳಿ ಅಕ್ಷರ, ಮತ್ತೆ ಲ್ಯಾಟಿನ್. ನಡುವೆ ಒಮ್ಮೆಲೇ ಆ ಪುಟ.

ದೇವಾಲಯ ಇಲ್ಲ. ಕಂಬ, ಮೆಟ್ಟಿಲು, ಬೆಂಚಿನ ಮುದುಕರು, ಎತ್ತಿದ ಕೈ, ಪಾರಿವಾಳ, ಜರಿಯ ನಿಲುವಂಗಿ ಯಾವುದೂ ಇಲ್ಲ. ಇರುವವರು ಪುಟದ ತುಂಬ ಒತ್ತಾಗಿ ನಿಂತಿದ್ದಾರೆ. ಹಕ್ಕಿಗರಿಯ ತೆಳು ಗೆರೆ ಅಲ್ಲಿಲ್ಲ. ವಯಸ್ಸಾದ ಮೇಲೆ ರೆಂಬ್ರಾಂಟ್ ಹೆಚ್ಚಾಗಿ ಹಿಡಿಯುತ್ತಿದ್ದದ್ದು ಜೊಂಡಿನ ಲೆಕ್ಕಣಿಕೆ. ಅದರ ಮೊನೆ ಅಗಲ, ಶಾಯಿ ಬೇಗ ಮುಗಿಯುತ್ತದೆ, ಗೆರೆ ಎಲ್ಲೋ ದಪ್ಪ ಎಲ್ಲೋ ಒಣಕಲು. ಸಣ್ಣ ಪುಟದ ಮೇಲೆ ಇಂಥ ಒರಟು ಗೆರೆ ಎಳೆಯಬೇಕಾದರೆ ಮೊದಲೇ ಎಲ್ಲ ಗೊತ್ತಿರಬೇಕು. ಶಾಯಿಗೆ ನೀರು ಬೆರೆಸಿ ಕುಂಚದಿಂದ ನೆರಳು ಎಳೆದಿದ್ದಾನೆ. ಅಲ್ಲಲ್ಲಿ ಬಿಳಿ ಬಣ್ಣವನ್ನೂ ತಾಗಿಸಿದ್ದಾನೆ. ಕಣ್ಣು ಇರಬೇಕಾದ ಕಡೆ ಒಂದೆರಡು ಗೀರು, ಅಷ್ಟೇ. ಆದರೂ ಅದು ಹಣ್ಣು ಹಣ್ಣಾದ ಮುದುಕನ ಮುಖ.

ಶಾಯಿಯ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಆ ಕಾಲದ ಕಂದು ಶಾಯಿಗಳಲ್ಲಿ ಎರಡು ಮುಖ್ಯ. ಒಂದು, ಒಲೆಯ ಹೊಗೆಮಸಿಯನ್ನು ನೀರಿನಲ್ಲಿ ಕಾಯಿಸಿ ಸೋಸಿದ್ದು. ಇನ್ನೊಂದು, ಮಾಚಿಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ, ಗೋಂದು ಬೆರೆಸಿದ್ದು. ಎರಡನೆಯದು ಮೊದಮೊದಲು ಕಪ್ಪು. ಶತಮಾನ ಕಳೆದಂತೆ ಕಂದಾಗುತ್ತದೆ, ದಟ್ಟವಾಗಿ ಬಿದ್ದಲ್ಲಿ ಕಾಗದವನ್ನೇ ತಿಂದುಹಾಕುತ್ತದೆ. ರೆಂಬ್ರಾಂಟ್ 1630ರ ದಶಕದ ಕೊನೆಯಲ್ಲಿ ಮಾಡಿದ ಹಲವು ರೇಖಾಚಿತ್ರಗಳು ಈ ಶಾಯಿಯವು. ಮಾಚಿಕಾಯಿ ಎಂದ ಕೂಡಲೇ ಚಿಕ್ಕಮ್ಮ ತಲೆಯೆತ್ತಿದರು. ಬಜೆ, ಅಳಲೆಕಾಯಿಯ ಜೊತೆ ಕಲ್ಲಿನ ಮೇಲೆ ತೇಯ್ದು ಎಳೆಗೂಸಿಗೆ ನೆಕ್ಕಿಸುವ ಮಾಚಿಕಾಯಿ ಪೊಟ್ಟಣ ಕಟ್ಟಿ ಮೈಸೂರಿನಿಂದ ತಂದವರು ಅವರು. ‘ಇಲ್ಲಿಯವರಿಗೂ ಅದು ಗೊತ್ತಿತ್ತಾ?’ ಎಂದು ಕೇಳಿದರು. ಇವರಿಗೆ ಅದು ಓದುಬರಹದ ಕಾಯಿ ಎಂದೆ.

ಶಾಯಿಯ ಗೆರೆಗೆ ಹಿಂದಿರುಗುವ ದಾರಿಯಿಲ್ಲ. ತೈಲಬಣ್ಣದಲ್ಲಿ ಇವತ್ತು ಬರೆದದ್ದನ್ನು ನಾಳೆ ಕೆರೆದು ಮತ್ತೆ ಬರೆಯಬಹುದು. ವಾರಗಟ್ಟಲೆ ಒಂದು ಕಂಬಕ್ಕೆ ನೆರಳು ಹಚ್ಚುತ್ತ ಕೂರಬಹುದು. ಬಿಳಿ ಬಣ್ಣ ಮುಚ್ಚಬಲ್ಲದು ಎಂದರೂ ಎಷ್ಟೆಂದು ಮುಚ್ಚೀತು? ಅದಕ್ಕೇ ಶಾಯಿ ಹಿಡಿದವನು ಏನನ್ನು ಬಿಡಬೇಕು ಎಂದು ಮೊದಲು ತೀರ್ಮಾನಿಸಬೇಕಾಗುತ್ತದೆ. ಇದೇ ಪ್ರಸಂಗವನ್ನು ರೆಂಬ್ರಾಂಟ್ ಬದುಕಿನುದ್ದಕ್ಕೂ ಬಿಡದೆ ಮುಟ್ಟಿದ. 1631ಕ್ಕೂ ಮುಂಚಿನ ಒಂದು ಚಿತ್ರ ಹ್ಯಾಂಬರ್ಗಿನಲ್ಲಿದೆ. ತಾಮ್ರಪಟದಲ್ಲೂ ಮತ್ತೆ ಮತ್ತೆ ಕೊರೆದ; 1650ರ ದಶಕದ ಒಂದರಲ್ಲಂತೂ ದೇವಾಲಯವನ್ನೇ ಕತ್ತಲಲ್ಲಿ ಅದ್ದಿ, ಅಲ್ಲೊಂದು ಇಲ್ಲೊಂದು ಬೆಳಕಿನ ಚೂರು ಉಳಿಸಿದ. ಆ ಕತ್ತಲಿನಲ್ಲೂ ಗುಡಿಯಿತ್ತು, ಪುರೋಹಿತನಿದ್ದ. ಹೇಬ್ಲಾಕನ ಪುಟದಲ್ಲಿ ಅವೂ ಹೋದವು. ತೋಳು ಉಳಿಯಿತು, ತೋಳಿನ ಮೇಲೆ ಕೂಸು ಉಳಿಯಿತು.

ಚಿಕ್ಕಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಇವನಿಗೆ ಕೂಸಿನ ಭಾರ ಗೊತ್ತಾಗಿದೆ ನೋಡು’ ಎಂದರು.

ನಾನು ಪುಸ್ತಕಗಳಲ್ಲಿ ಓದಿದ್ದಕ್ಕಿಂತ ಈ ಮಾತು ಆ ಪುಟದ ಹತ್ತಿರಕ್ಕೆ ಹೋಗುತ್ತದೆ. ಮೂರು ಮಕ್ಕಳನ್ನು ಎತ್ತಿ, ಮೂರನ್ನೂ ಮಣ್ಣಿಗೆ ಕೊಟ್ಟ ತೋಳು 1661ರಲ್ಲಿ ಈ ಗೆರೆ ಎಳೆಯಿತು. ಹಾಗೆಂದು ಅವನೇನೂ ಎಲ್ಲೂ ಬರೆದಿಟ್ಟಿಲ್ಲ. ಅವನ ಕೈಬರಹದ ಪತ್ರಗಳು ಉಳಿದಿರುವುದೇ ಬೆರಳೆಣಿಕೆ, ಅವೂ ಹಣಕಾಸಿನವು. ಅವನ ರೇಖಾಚಿತ್ರಗಳಲ್ಲಿ ರುಜು ಹಾಕಿದವೂ ಬಹಳ ಕಡಿಮೆ. ಹೆಚ್ಚಿನವು ಅವನಿಗಾಗಿಯೇ ಬರೆದುಕೊಂಡವು, ಶಿಷ್ಯರಿಗೆ ತೋರಿಸಲು ಬರೆದವು. ಹೆಸರು, ವರ್ಷ ಎರಡೂ ಇರುವುದರಿಂದಲೇ ಈ ಪುಟ ಅವನ ಕೊನೆಗಾಲದ ಬೇರೆ ಗೆರೆಗಳ ಕಾಲ ಗುರುತಿಸಲು ವಿದ್ವಾಂಸರಿಗೆ ಆಧಾರವಾಗಿದೆ. ಒಬ್ಬ ಗೆಳೆಯನಿಗೆ, ಇದು ನನ್ನದು ಎಂದು ಒಪ್ಪಿ ಕೊಟ್ಟ ಚಿತ್ರ ಇದು.

ಕಥೆ ಮುಂದುವರಿದು ಸ್ಟಾಕ್‌ಹೋಮಿಗೆ ಹೋಗುತ್ತದೆ. ಇನ್ನೊಂದು ಬೇಸಿಗೆಯಲ್ಲಿ ನಾನೂ ಹೋದೆ. ನೀರಿನಾಚೆ ಅರಮನೆ ಕಾಣುವ ದಡದಲ್ಲಿ ಸ್ವೀಡನ್ನಿನ ನ್ಯಾಷನಲ್ ಮ್ಯೂಸಿಯಂ. ಆಮ್ಸ್‌ಟರ್ಡಾಮಿನ ಪುರಭವನಕ್ಕೆಂದು 1661–62ರಲ್ಲಿ ಬರೆಸಿ, ಗೋಡೆಗೆ ಏರಿಸಿ, ಬೇಗನೆ ಇಳಿಸಿ ವಾಪಸು ಕೊಟ್ಟ ರೆಂಬ್ರಾಂಟನ ದೊಡ್ಡ ಚಿತ್ರದ ಉಳಿದ ಭಾಗ ಅಲ್ಲಿದೆ. ಅದೇ ಮ್ಯೂಸಿಯಂನಲ್ಲಿ ಇನ್ನೊಬ್ಬ ಸಿಮೆಯೋನನಿದ್ದಾನೆ. ಸುಮಾರು 98 ಸೆಂಟಿಮೀಟರ್ ಎತ್ತರ, 79 ಅಗಲದ ತೈಲಚಿತ್ರ, ಪೂರ್ತಿಯಾಗದ್ದು. 1671ರಲ್ಲಿ ಚಿತ್ರಕಾರ ಅಲ್ಲಾರ್ಟ್ ಫಾನ್ ಎವರ್ಡಿಂಗೆನ್ ಮತ್ತು ಅವನ ಮಗ, ರೆಂಬ್ರಾಂಟ್ ಸಾಯುವುದಕ್ಕೆ ಕೆಲವು ತಿಂಗಳ ಹಿಂದೆ ಅವನ ಮನೆಯಲ್ಲಿ ಅರೆಬರೆಯಾಗಿದ್ದ ಸಿಮೆಯೋನನ ಚಿತ್ರ ನೋಡಿದ್ದೆವು ಎಂದು ಸಾಕ್ಷಿ ಹೇಳಿದರು. ಆ ಚಿತ್ರ ಇದೇ ಎಂದು ಒಪ್ಪಿಕೊಳ್ಳಲಾಗಿದೆ. ಹಿಂದೆ ನಿಂತ ಹೆಂಗಸನ್ನು ಬೇರೆ ಯಾರೋ ಆಮೇಲೆ ಬರೆದಿರಬೇಕೆಂದು ಅನೇಕರ ಅಭಿಪ್ರಾಯ. ಅವಳನ್ನು ಬಿಟ್ಟು ನೋಡಿದರೆ ಉಳಿಯುವುದು ಮುದುಕ, ಕೂಸು. ಮುದುಕನ ಕಣ್ಣು ಹೆಚ್ಚುಕಡಿಮೆ ಮುಚ್ಚಿದೆ. ಕೂಸು ಅವನ ಮುಂದೋಳುಗಳ ಮೇಲೆ ಮಲಗಿದೆ. ಕೈಗಳು ಕೂಸನ್ನು ಬಿಗಿಹಿಡಿದಿಲ್ಲ. ಅದರಾಚೆಗೆ ನೀಳವಾಗಿ ಚಾಚಿಕೊಂಡು, ಜೋಡಿಸಿದ ಕೈಗಳಂತೆ ಕಾಣುತ್ತವೆ.

ಹೇಬ್ಲಾಕನ ಪುಟದಲ್ಲಿ ಶಾಯಿ ಕಲಿಸಿದ ಬಿಡುವಿಕೆಯನ್ನು ಆ ಕೈ ತೈಲಬಣ್ಣಕ್ಕೂ ತಂದಿತು ಎಂದು ನನಗೆ ಅಲ್ಲಿ ನಿಂತಾಗ ಸ್ಪಷ್ಟವಾಯಿತು. ಬಣ್ಣವನ್ನು ಶಾಯಿಯಂತೆಯೇ ಎಳೆದಿದ್ದಾನೆ, ಒರಟಾಗಿ, ತೆಳುವಾಗಿ, ಅಂಚು ಮುಗಿಸದೆ. ಚಿತ್ರ ಪೂರ್ತಿಯಾಗಿಲ್ಲ ಎನ್ನುವುದು ದಾಖಲೆಯ ಮಾತು. ನೋಡುವವನಿಗೆ ಅಲ್ಲಿ ಇನ್ನೇನೂ ಸೇರಬೇಕಾಗಿಲ್ಲ.

ಆ ಹೊತ್ತಿಗೆ ಮನೆ ಬರಿದಾಗಿತ್ತು. ಹೆಂಡ್ರಿಕ್ಯೆ 1663ರಲ್ಲಿ ಹೋದಳು. 1668ರ ಫೆಬ್ರವರಿಯಲ್ಲಿ ಮದುವೆಯಾದ ಟೀಟಸ್ ಅದೇ ಸೆಪ್ಟೆಂಬರಿನಲ್ಲಿ ಸತ್ತ. ಅವನ ಹೆಂಡತಿ ಆಗ ಬಸುರಿ. 1669ರ ಮಾರ್ಚಿನಲ್ಲಿ ಹೆಣ್ಣು ಕೂಸು ಹುಟ್ಟಿತು; ಅಪ್ಪನ ಹೆಸರು ಉಳಿಯಲೆಂದು ಟೀಟಿಯಾ ಎಂದು ಕರೆದರು. ದೀಕ್ಷಾಸ್ನಾನದ ದಿನ ಅಜ್ಜ ಹಾಜರಿದ್ದ. ಸಿಮೆಯೋನನ ಚಿತ್ರಕ್ಕೂ ಈ ಮೊಮ್ಮಗಳಿಗೂ ನಂಟು ಕಟ್ಟುವ ಕಾಗದಪತ್ರವಿಲ್ಲ. ಮಗನಿಲ್ಲದ ಮನೆಯಲ್ಲಿ ಅವನ ಕೂಸನ್ನು ಕಂಡ ಮುದುಕನೇ ಆ ವರ್ಷ ಈ ಚಿತ್ರದ ಮುಂದೆ ಕುಂಚ ಹಿಡಿದು ನಿಂತಿದ್ದ ಎನ್ನುವುದು ಮಾತ್ರ ನಿಜ. 1669ರ ಅಕ್ಟೋಬರ್ 4ರಂದು ಅವನು ತೀರಿಕೊಂಡ. ವೆಸ್ಟರ್‌ಕೆರ್ಕ್ ಚರ್ಚಿನ ಬಾಡಿಗೆ ಗೋರಿಯಲ್ಲಿ ಹೂತರು. ಅದು ಯಾವ ಜಾಗ ಎಂಬ ಗುರುತು ಉಳಿದಿಲ್ಲ.

ರೆಂಬ್ರಾಂಟನ ಎಲ್ಲ ಸಿಮೆಯೋನರಲ್ಲಿ ನನಗೆ ಹೇಬ್ಲಾಕನ ಪುಟದವನೇ ಹೆಚ್ಚು. ಮೌರಿಟ್ಸ್‌ಹೌಸ್‌ನದು ಪ್ರತಿಭೆಯ ಹಬ್ಬ, ಸ್ಟಾಕ್‌ಹೋಮಿನದು ಕೊನೆಯ ಮಾತು. ಗುಡಿಯನ್ನು ಬಿಟ್ಟು ತೋಳನ್ನು ಉಳಿಸಿಕೊಂಡ ತೀರ್ಮಾನ ನಮಗೆ ಕಾಣುವುದು ಮಾತ್ರ ಈ ಅಂಗೈಯಗಲದ ಕಾಗದದಲ್ಲಿ. ಹೇಗ್‌ಗೆ ಹೋಗುವ ಕನ್ನಡಿಗರಲ್ಲಿ ನನ್ನ ಕೋರಿಕೆ ಇಷ್ಟೇ: ಮುತ್ತಿನ ಓಲೆಯ ಹುಡುಗಿಯನ್ನು ಕಂಡ ಮೇಲೆ 1631ರ ಆ ಚಿಕ್ಕ ಹಲಗೆಯ ಮುಂದೆಯೂ ಸ್ವಲ್ಪ ನಿಲ್ಲಿ. ಹೋಗಲಾಗದವರಿಗೂ ದಾರಿಯಿದೆ, ಹೇಬ್ಲಾಕನ ಪುಸ್ತಕದ ಚಿತ್ರಗಳನ್ನು ಗ್ರಂಥಾಲಯ ಅಂತರ್ಜಾಲದಲ್ಲಿ ತೆರೆದಿಟ್ಟಿದೆ, ದುಡ್ಡು ಕೊಡಬೇಕಿಲ್ಲ. ಫೋನಿನಲ್ಲಿ ನೋಡುವಾಗ ಮೊದಲು ಬೆರಳಿನಿಂದ ಹಿಗ್ಗಿಸಬೇಡಿ. ಇರುವ ಅಳತೆಯಲ್ಲೇ ನೋಡಿ, ತೋಳಿನಿಂದ ಶುರುಮಾಡಿ.